ಗಾಳಕ್ಕೂ ಈಜಿಗೂ ಒಂದೇ ಕಟ್ಟೆ: ಊರ ಕೆರೆಯಲ್ಲಿ ನಾವು ಮಾಡಿಕೊಂಡ ವ್ಯವಸ್ಥೆ

ಬೇಲೂರು ತಾಲ್ಲೂಕಿನ ನಮ್ಮ ಊರ ಕೆರೆಯ ದಕ್ಷಿಣ ದಡದಿಂದ ಉತ್ತರಕ್ಕೆ, ನೀರಿನೊಳಕ್ಕೆ ಚಾಚಿಕೊಂಡ ಒಂದು ಕಲ್ಲುಗಟ್ಟೆ ಇದೆ. 80 ಅಡಿ ಉದ್ದ, 8 ಅಡಿ ಅಗಲ. ಗಾಳ ಹಾಕುವವರು ಕೂರುವುದೂ ಅಲ್ಲೇ, ಈಜುವವರು ಇಳಿಯುವುದೂ ಅಲ್ಲೇ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ಮೀನು ದೇವರದು, ಯಾರೂ ಗಾಳ ಇಳಿಸುವುದಿಲ್ಲ. ಅಲ್ಲಿ ಗಾಳದವರಿಗೂ ಈಜುವವರಿಗೂ ತಕರಾರೇ ಹುಟ್ಟುವುದಿಲ್ಲ. ಮೀನು ಹರಾಜಾಗುವ ಊರ ಕೆರೆಗಳಲ್ಲಿ ಹಾಗಲ್ಲ, ಇಬ್ಬರನ್ನೂ ಸಂಭಾಳಿಸಬೇಕು. ಕೆರೆ ಸಮಿತಿಯ ಪರವಾಗಿ ಕಟ್ಟೆ ನೋಡಿಕೊಳ್ಳುವ ನಾವು ಯಾವುದನ್ನು ಹೇಗೆ ಮಾಡಿದೆವು, ಎಲ್ಲಿ ಕೆಟ್ಟಿತು ಎಂಬುದನ್ನು ಬೇರೆ ಊರಿನವರಿಗೆ ಅನುಕೂಲವಾಗಲಿ ಎಂದು ಬರೆಯುತ್ತಿದ್ದೇವೆ.

ಮೊದಲ ತಪ್ಪು ಕಟ್ಟೆಯನ್ನು ಹಂಚಿದ್ದು. ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ‘ಈ ಕಡೆ ಗಾಳ, ಆ ಕಡೆ ಈಜು’ ಎಂದು ಬರೆದರೆ ಜಗಳ ನಿಲ್ಲುವುದಿಲ್ಲ. ಗಾಳದವರು ಕೂತ ಜಾಗದಿಂದ ಯಾರಿಗೂ ತೊಂದರೆಯಿಲ್ಲ, ದಾರಕ್ಕೆ ಭಾರವಾಗಿ ಕಟ್ಟಿದ ಸೀಸದ ಗುಂಡು ಬೀಳುವ ಜಾಗದಿಂದ ತೊಂದರೆ. ಬಿದಿರು ಗಳಕ್ಕೆ ಬೆಂಡು ಕಟ್ಟಿ ಹಾಕುವವರ ದಾರ 15–20 ಅಡಿ ದಾಟುವುದಿಲ್ಲ. ಕೈಗಾಳ ಬೀಸಿದರೆ 50–60 ಅಡಿ. ರೀಲು ಇರುವ 7 ಅಡಿ ರಾಡಿಗೆ 20 ಗ್ರಾಂ ಸೀಸ ಹಾಕಿದರೆ 130–150 ಅಡಿ ಸಲೀಸಾಗಿ ಹೋಗುತ್ತದೆ. ಬಿದ್ದ ಮೇಲೂ ಸುಮ್ಮನಿರುವುದಿಲ್ಲ, ಗಾಳಿಗೆ ದಾರ ಬಿಲ್ಲಿನ ಹಾಗೆ ಬಾಗುತ್ತದೆ, ಬೆಂಡು ತೇಲಿ ಪಕ್ಕಕ್ಕೆ ಹೋಗುತ್ತದೆ. ಈಜುವವನಿಗೆ ನೀರೊಳಗಿನ ನೈಲಾನ್ ದಾರ ಕಾಣುವುದೇ ಇಲ್ಲ, ಕಾಲಿಗೆ ಸುತ್ತಿಕೊಂಡರೆ ಕೈಯಲ್ಲಿ ಎಳೆದು ಹರಿಯಲು ಆಗುವುದಿಲ್ಲ. ಹಾಗಾಗಿ ಗಡಿ ತೇಲುವ ಹಗ್ಗವಾಗಿ ನೀರಿನ ಮೇಲೆಯೇ ಇರಬೇಕು, ಇಬ್ಬರ ಕಣ್ಣಿಗೂ ಕಾಣಬೇಕು. ಗದರಿಸುವುದಕ್ಕಿಂತ ಹಗ್ಗ ತೋರಿಸಿ, ‘ಅಣ್ಣ, ಸೀಸ ಹಗ್ಗದ ಹತ್ತಿರ ಬಿತ್ತು, ಎಳೆದು ಆ ಕಡೆ ಹಾಕಿ’ ಎಂದರೆ ಯಾರೂ ವಾದ ಮಾಡುವುದಿಲ್ಲ.

ಆದರೆ ಹಗ್ಗಕ್ಕೂ ಮೊದಲು ತಳ ನೋಡಬೇಕು. ಬೇಸಿಗೆಯಲ್ಲಿ ಕೆರೆಯ ಗೋಡು (ಹೂಳುಮಣ್ಣು) ತೆಗೆದು ತೋಟಕ್ಕೆ ಹೊಡೆಯುವುದು ಎಲ್ಲ ಕಡೆ ಇದೆ. ಹಿಂದೆ ಮೇಲಿಂದ ಸಮನಾಗಿ ಹೆರೆಯುತ್ತಿದ್ದರು, ಈಗ ಜೆಸಿಬಿ ಒಂದೇ ಕಡೆ 8–10 ಅಡಿ ಬಗೆಯುತ್ತದೆ. ಮಳೆ ಬಂದು ನೀರು ತುಂಬಿದ ಮೇಲೆ ಗುಂಡಿ ಮೇಲಿನವರಿಗೆ ತಿಳಿಯುವುದಿಲ್ಲ. ಸೊಂಟದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಒಂದು ಹೆಜ್ಜೆ ಇಟ್ಟರೆ ತಲೆ ಮುಳುಗುವಷ್ಟು ಆಳ. ಗುಂಡಿಯ ಅಂಚು ಜೇಡಿ, ಹತ್ತಲು ಕಾಲು ನಿಲ್ಲುವುದಿಲ್ಲ. ಕೆರೆಗಳಲ್ಲಿ ಮಕ್ಕಳ ಜೀವ ಹೋಗುವುದಕ್ಕೆ ಇದು ದೊಡ್ಡ ಕಾರಣ. ಏಪ್ರಿಲ್‌ನಲ್ಲಿ ನೀರು ಇಳಿದಾಗ, ಈಜಿಗೆ ಬಿಡುವ ಜಾಗದಲ್ಲಿ ದೋಣಿಯಿಂದ ಅಥವಾ ಲಾರಿ ಟ್ಯೂಬ್ ಹಿಡಿದು, ಅಡಿ ಅಡಿಗೆ ಗುರುತು ಹಾಕಿದ 15 ಅಡಿ ಗಳುವಿನಿಂದ ಚುಚ್ಚಿ ನೋಡುತ್ತೇವೆ. ಎರಡು ದಿಕ್ಕಿಗೂ 5 ಅಡಿಗೊಮ್ಮೆ. ಪಕ್ಕಪಕ್ಕದ ಎರಡು ಚುಕ್ಕೆಗಳ ನಡುವೆ 2 ಅಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲಿ ಗುಂಡಿ ಇದೆ ಎಂದೇ ಲೆಕ್ಕ. ಅದನ್ನು ಮುಚ್ಚಬೇಕು, ಇಲ್ಲವೇ ಹಗ್ಗದ ಆಚೆ ಬಿಡಬೇಕು. ಗಳ ಚುಚ್ಚುವಾಗಲೇ ತಾವರೆ ಬಳ್ಳಿ, ಮುರಿದ ಗಣಪತಿಯ ಒಳಗಿನ ಕಬ್ಬಿಣದ ಕಂಬಿ, ಪ್ಲಾಸ್ಟರಿನ ಉಂಡೆ ಎಲ್ಲ ಸಿಗುತ್ತವೆ. ಕಂಬಿ ಈಜುವವರ ಪಾದಕ್ಕೂ ಹಾನಿ, ಗಾಳಕ್ಕೂ ಹಾನಿ. ಆದ್ದರಿಂದ ಗಣಪತಿ ಬಿಡುವ ಜಾಗವನ್ನು ಕಟ್ಟೆಯಿಂದ ಬೇರೆ ದಡಕ್ಕೆ ಒಯ್ದೆವು. ತಾವರೆ ಬಳ್ಳಿಯನ್ನು ಮೇಲೆ ಕೊಯ್ದರೆ ಸಾಲದು. ತಳದಲ್ಲಿ ಉಳಿದ ದಂಟೇ ಕಾಲಿಗೆ ಸಿಕ್ಕಿಕೊಳ್ಳುವುದು. ಉದ್ದ ಹಿಡಿಯ ಕುಡುಗೋಲಿನಿಂದ ಬುಡಕ್ಕೇ ಕೊಯ್ಯಬೇಕು.

ಯಾವ ಮಗ್ಗುಲು ಯಾರಿಗೆ ಎನ್ನುವುದನ್ನು ಗಾಳಿ ನೋಡಿ ತೀರ್ಮಾನಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಆದರೆ ಆಗ ನೀರು ಕೆಂಪಗಿರುತ್ತದೆ, ಈಜೇ ಇಲ್ಲ. ಅಕ್ಟೋಬರ್ ನಂತರ ಗಾಳಿ ಮೂಡಣ ಕಡೆಯಿಂದ. ಆದ್ದರಿಂದ ಕಟ್ಟೆಯ ಪೂರ್ವ ಮಗ್ಗುಲು ಈಜಿಗೆ, ಪಶ್ಚಿಮ ಮಗ್ಗುಲು ಮತ್ತು ತುದಿ ಗಾಳಕ್ಕೆ. ಕಳಚಿದ ಬೆಂಡು, ಕಡಿದ ದಾರ, ಉದುರಿದ ಹಿಟ್ಟು ಈಜುವವರ ಕಡೆ ತೇಲಿ ಬರುವುದಿಲ್ಲ. ಏರಿ ಮತ್ತು ನೀರು ಹೊರಬಿಡುವ ತೂಬು ಪಶ್ಚಿಮಕ್ಕಿರುವುದು ಇನ್ನೂ ಒಳ್ಳೆಯದಾಯಿತು, ಅದರ ಸೆಳೆತ ಈಜುವವರಿಂದ ದೂರ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಬೆಂಡು ಕಾಣುವುದಿಲ್ಲ ಎಂದು ಗಾಳದವರು ಜಾಗ ಬದಲಿಸಲು ಕೇಳುತ್ತಾರೆ. ಕೇಳುವುದು ನ್ಯಾಯವೇ, ಆದರೆ ಟೋಪಿ ಹಾಕಿಕೊಂಡರೆ ಅವರ ಕಷ್ಟ ತೀರುತ್ತದೆ, ಈಜುವವನು ಗಾಳದ ಮುಳ್ಳಿಗೆ (ಕೊಕ್ಕೆಗೆ) ಸಿಕ್ಕಿದರೆ ತೀರುವುದಿಲ್ಲ. ನಾವು ಬದಲಿಸಿಲ್ಲ. ಮಾರ್ಚ್–ಮೇ ಗಾಳಿ ಮಾತ್ರ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ, ದಿನಾ ನೋಡಿಕೊಳ್ಳಬೇಕು.

ಈಗ ಹಗ್ಗ. ಕಟ್ಟೆಯ 50ನೇ ಅಡಿಯಿಂದ ಶುರುವಾಗಿ ಪೂರ್ವಕ್ಕೆ 80 ಅಡಿ, ಅಲ್ಲಿಂದ ದಡಕ್ಕೆ 50 ಅಡಿ, ಒಟ್ಟು 130 ಅಡಿ. ಗಂಟಿಗೆಂದು 20 ಅಡಿ ಹೆಚ್ಚು ತರಬೇಕು. 12 ಮಿ.ಮೀ. ಪಾಲಿಪ್ರೊಪಿಲೀನ್ ಹಗ್ಗವೇ ಆಗಬೇಕು. ಅದು ನೀರಿಗಿಂತ ಹಗುರ, ತೇಲುತ್ತದೆ. ನೈಲಾನ್ ಹಗ್ಗ ಗಟ್ಟಿ, ಆದರೆ ಮುಳುಗುತ್ತದೆ. ತೇಲುವ ಕ್ಯಾನುಗಳ ನಡುವೆ ಜೋತುಬಿದ್ದು ಮೇಲಿಂದ ಗಡಿಯೇ ಕಾಣದಂತಾಗುತ್ತದೆ. 6 ಅಡಿಗೊಂದು 5 ಲೀಟರಿನ ಎಣ್ಣೆ ಕ್ಯಾನಿಗೆ ಕಿತ್ತಳೆ ಬಣ್ಣ ಬಳಿದು ಕಟ್ಟುತ್ತೇವೆ. ಮುಚ್ಚಳದ ಸುತ್ತ ಎಂ-ಸೀಲ್ ಹಚ್ಚದಿದ್ದರೆ ತಿಂಗಳೊಳಗೆ ನೀರು ಕುಡಿಯುತ್ತವೆ. ಬಿಸಿಲಿಗೆ ಕ್ಯಾನು ಪೆಡಸಾಗಿ ಒಡೆಯುತ್ತದೆ, ಎರಡನೇ ಬೇಸಿಗೆ ಮುಗಿದ ಮೇಲೆ ನಂಬಬೇಡಿ.

ಲಂಗರಿಗೆ 20 ಲೀಟರಿನ ಪೇಂಟ್ ಬಕೆಟ್ಟಿಗೆ ಕಾಂಕ್ರೀಟ್ ತುಂಬಿ, ನಡುವೆ 12 ಮಿ.ಮೀ. ಕಂಬಿಯ ಕೊಂಡಿ ಹೂಳಬೇಕು. ದಡದ ಮೇಲೆ ಸುಮಾರು 48 ಕೆ.ಜಿ., ನೀರಿನೊಳಗೆ 28 ಕೆ.ಜಿ.ಯಷ್ಟೇ ತೂಗುತ್ತದೆ. ಇದಕ್ಕಿಂತ ಸಣ್ಣದು ಜಾರುತ್ತದೆ. ನಮಗೆ ಮೂರು ಸಾಕಾದವು.

ಎಲ್ಲರಿಗೂ ಕೆಡುವುದು ಲಂಗರಿನ ಹಗ್ಗದ ಉದ್ದದಲ್ಲಿ. ಕೆರೆ ತುಂಬಿದಾಗ ಹೊರಮೂಲೆಯಲ್ಲಿ 12 ಅಡಿ ನೀರು, ಏಪ್ರಿಲ್‌ನಲ್ಲಿ 7 ಅಡಿ. ತುಂಬಿದ ನೀರಿಗೆ ಅಳೆದು ಬಿಗಿದರೆ ಬೇಸಿಗೆಯಲ್ಲಿ ಸಡಿಲಾಗಿ ಇಡೀ ಸಾಲು ಗಾಳದವರ ಕಡೆಗೆ ತೇಲುತ್ತದೆ. ಬೇಸಿಗೆಗೆ ಅಳೆದು ಕಟ್ಟಿದರೆ ಕೆರೆ ತುಂಬಿದಾಗ ಕ್ಯಾನು ನೀರೊಳಗೆ ಹೋಗುತ್ತದೆ. ಇದಕ್ಕೆ ಲಂಗರಿನ ಹಗ್ಗವನ್ನು ಕ್ಯಾನಿಗೆ ಕಟ್ಟಬೇಡಿ. ಕ್ಯಾನಿನ ಕೆಳಗೆ ಒಂದು ಸ್ಟೀಲ್ ಬಳೆ ಹಾಕಿ, ಹಗ್ಗವನ್ನು ಅದರೊಳಗೆ ತೂರಿಸಿ, ಇನ್ನೊಂದು ತುದಿಗೆ 3 ಕೆ.ಜಿ. ಕಲ್ಲು ನೇತುಹಾಕಿ. ನೀರು ಇಳಿದಷ್ಟೂ ಕಲ್ಲು ಕೆಳಗಿಳಿದು ಸಡಿಲನ್ನು ತಾನೇ ಎಳೆದುಕೊಳ್ಳುತ್ತದೆ. ಹಗ್ಗದ ಉದ್ದ ತುಂಬಿದ ಆಳಕ್ಕಿಂತ 2 ಅಡಿ ಹೆಚ್ಚು, ಅಂದರೆ ನಮ್ಮಲ್ಲಿ 14 ಅಡಿ. ನೀರು ಅದರ ಅರ್ಧಕ್ಕೆ, 7 ಅಡಿಗೆ ಇಳಿದಾಗ ಕಲ್ಲು ತಳ ಮುಟ್ಟುತ್ತದೆ. ಅಲ್ಲಿಂದ ಕೆಳಗೆ ಈ ಉಪಾಯ ನಡೆಯುವುದಿಲ್ಲ, ಕೈಯಲ್ಲಿ ಗಿಡ್ಡ ಮಾಡಬೇಕು. ಈ ಮೂರು ಜಾಗಕ್ಕೆ 10 ಲೀಟರಿನ ಕ್ಯಾನು ಹಾಕಿ, 5 ಲೀಟರಿನದು ಕಲ್ಲಿನ ಎಳೆತಕ್ಕೆ ಅರ್ಧಕ್ಕಿಂತ ಹೆಚ್ಚು ಮುಳುಗುತ್ತದೆ. ಬಳೆಯಲ್ಲಿ ಪಾಚಿ ಕಟ್ಟಿದರೆ ಹಗ್ಗ ಸರಿಯುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಎಳೆದಾಡಿ ಬಿಡಬೇಕು.

ಹಗ್ಗದಿಂದಾಚೆ 30 ಅಡಿ ಯಾರದೂ ಅಲ್ಲ. ಅಲ್ಲಿ ಗಾಳವೂ ಬೀಳಬಾರದು, ಈಜುವವರೂ ಹೋಗಬಾರದು. ಅದರ ಕೊನೆಗೆ ಒಂದು ಕೆಂಪು ಕ್ಯಾನು ಬಿಟ್ಟಿದ್ದೇವೆ. ಈ ಜಾಗ ದಂಡ ಎಂದು ಮೊದಲು ಇಬ್ಬರೂ ಗೊಣಗಿದರು. ಆದರೆ ತಪ್ಪಿ ಬಿದ್ದ ಸೀಸಕ್ಕೆ, ಗಾಳಿಗೆ ತೇಲಿದ ಬೆಂಡಿಗೆ ಇಷ್ಟು ಅಂತರ ಬೇಕೇ ಬೇಕು.

ಕಟ್ಟೆಯ ಮೇಲೆ ಮಾಡಿದ್ದು ಕಡಿಮೆ. ಪಶ್ಚಿಮದ ಕಂಬಿಗೆ 6 ಅಡಿಗೊಂದರಂತೆ ಒಂದಡಿ ಉದ್ದದ 2 ಇಂಚು ಪಿವಿಸಿ ಪೈಪು ಓರೆಯಾಗಿ ಕಟ್ಟಿದೆವು, ರಾಡು ನಿಲ್ಲಿಸಲು. ಪೈಪು ಇರುವಲ್ಲೇ ಜನ ಕೂರುತ್ತಾರೆ, ಹೇಳುವ ಅಗತ್ಯವೇ ಬರುವುದಿಲ್ಲ. ರೀಲು ರಾಡಿನವರು ತುದಿಯ 30 ಅಡಿಯಲ್ಲಿ ಮಾತ್ರ, ಉತ್ತರಕ್ಕೆ ಅಥವಾ ಪಶ್ಚಿಮಕ್ಕೆ ಮುಖ ಮಾಡಿ ಬೀಸಬೇಕು. ನೀರಿನಲ್ಲಿರುವವರಿಗಿಂತ ಹೆಚ್ಚು ಸಲ ಮುಳ್ಳು ತಗಲುವುದು ಹಿಂದೆ ನಡೆದು ಹೋಗುವವರಿಗೆ, ತಲೆ ಮೇಲಿಂದ ಬೀಸುವಾಗ. ತಲೆ ಮೇಲಿಂದ ಬೀಸುವುದು ತುದಿಯಲ್ಲಿ ಮಾತ್ರ, ಉಳಿದ ಕಡೆ ಸೊಂಟದ ಕೆಳಗಿನಿಂದ ತೂಗಿ ಬಿಡಬೇಕು.

ಕಡಿದ ದಾರ ಹಾಕಲು 4 ಇಂಚು ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಬಾಗು, ಕೆಳಗೆ ಬಿಚ್ಚುವ ಮುಚ್ಚಳ ಹಾಕಿದೆವು. ದಾರ ಹೊರಗೆ ಬಿದ್ದರೆ ನೀರುಕಾಗೆಯ, ಕೊಕ್ಕರೆಯ ಕಾಲಿಗೆ ಸುತ್ತಿ ಅವು ಸಾಯುತ್ತವೆ. ತೆಗೆದ ದಾರವನ್ನು ಗೇಣುದ್ದ ಕತ್ತರಿಸಿಯೇ ಕಸಕ್ಕೆ ಹಾಕಬೇಕು. ಮೆಟ್ಟಿಲ ಮೇಲೆ ಉಳಿದ ಮುಳ್ಳಿಗೆ ಹಳೆಯ ಸ್ಪೀಕರಿನ ಅಯಸ್ಕಾಂತ. ಅದನ್ನು ಹಗ್ಗಕ್ಕೆ ಕಟ್ಟಿ ಪ್ರತಿ ಶನಿವಾರ ಬೆಳಿಗ್ಗೆ ನೀರಿನೊಳಗಿನ ಮೆಟ್ಟಿಲ ಮೇಲೆ ನಿಧಾನವಾಗಿ ಎಳೆಯುತ್ತೇವೆ. ತುಕ್ಕು ಹಿಡಿದ ಮುಳ್ಳು, ಬ್ಲೇಡಿನ ಚೂರು, ಮೊಳೆ ಅಂಟಿ ಬರುತ್ತವೆ. ಕೆಲವು ಸ್ಟೇನ್‌ಲೆಸ್ ಮುಳ್ಳು ಅಂಟುವುದಿಲ್ಲ, ಅದಕ್ಕೆ ಕಣ್ಣೇ ಗತಿ. ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸ ಇದ್ದರೆ ಬಿಡಿ, ಮೀನು ಸಾಯುತ್ತದೆ. ನೀರು ಇಳಿದಾಗ ಬಯಲಾದ ಮೆಟ್ಟಿಲನ್ನು ಮರಳು ಹಾಕಿ ತಂತಿ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ.

ಹೊತ್ತಿನ ವಿಷಯದಲ್ಲಿ ಮೀನೇ ಸಹಾಯ ಮಾಡುತ್ತದೆ. ಕಚ್ಚುವುದು ನಸುಕಿಗೆ ಮತ್ತು ಮುಸ್ಸಂಜೆಗೆ. 8 ಗಂಟೆವರೆಗೆ ಇಡೀ ಕಟ್ಟೆ ಗಾಳಕ್ಕೆ, 8ರಿಂದ ಸಂಜೆ 5.30ರವರೆಗೆ ಹಗ್ಗದೊಳಗೆ ಈಜು, ಆಮೇಲೆ ಮತ್ತೆ ಗಾಳ. ಬೆಳಿಗ್ಗೆ ಈಜು ಶುರುವಾಗುವ ಮೊದಲು ಒಬ್ಬರು ಹಗ್ಗದೊಳಗೆ ಉಳಿದ ದಾರ ಇದೆಯೇ ಎಂದು ಗಳದಿಂದ ಕೆದಕಿ ನೋಡಲೇಬೇಕು. ಕಟ್ಟೆಯಿಂದ ಧುಮುಕುವುದು ಯಾವ ಹೊತ್ತಿನಲ್ಲೂ ಇಲ್ಲ.

ಮೇವಿಗೆ ಎರೆಹುಳ, ಮೈದಾ ಉಂಡೆ, ಮುದ್ದೆ, ಕಡಲೆಕಾಯಿ ಹಿಂಡಿ ಆಗಬಹುದು. ಮೀನು ಕೂಡಿಸಲು ಎರಚುವ ತೌಡು-ಹಿಂಡಿ ಒಬ್ಬರಿಗೆ ದಿನಕ್ಕೆ ಅರ್ಧ ಕೆ.ಜಿ. ಮೀರಬಾರದು. ಮಿಕ್ಕಿದ್ದು ತಳದಲ್ಲಿ ಕೊಳೆತು ನೀರಿನ ಉಸಿರು ಕೆಡಿಸುತ್ತದೆ. ಕೋಳಿ ಕರುಳು ಬೇಡವೇ ಬೇಡ. ವಾಸನೆ, ನಾಯಿ, ಈಜುವವರ ಬಾಯಿಗೆ ಹೋಗುವ ನೀರು, ಮೂರೂ ಕಾರಣ. ಮೂರು ಕೊಕ್ಕೆಯ ಗಾಳವೂ, ಕಟ್ಟಿಟ್ಟು ಮನೆಗೆ ಹೋಗುವ ಗಾಳವೂ ನಿಷಿದ್ಧ. ಮುಳ್ಳಿನ ಒಳಗಿನ ಎದುರುಮುಳ್ಳನ್ನು ಇಕ್ಕಳದಿಂದ ಅದುಮಿ ಹಾಕಿಸುತ್ತೇವೆ. ದಾರ ಸಡಿಲ ಬಿಡದಿದ್ದರೆ ಮೀನೇನೂ ತಪ್ಪಿಸಿಕೊಳ್ಳುವುದಿಲ್ಲ.

ಮೀನು ಹರಾಜು ಹಿಡಿದವರನ್ನು ಮೊದಲ ಸಭೆಗೇ ಕೂರಿಸಿಕೊಳ್ಳಿ. ಅವರ ಬಿಡುಬಲೆ ಕಟ್ಟೆಯಿಂದ 200 ಅಡಿ ದೂರ ಇರಬೇಕು, ಎರಡೂ ತುದಿಗೆ ಬಿಳಿ ಕ್ಯಾನು ಇರಬೇಕು. ನೀರಿನಲ್ಲಿ ಬಲೆಗೆ ಸಿಕ್ಕಿದವನಿಗೆ ಗಾಳಕ್ಕಿಂತ ಅಪಾಯ ಹೆಚ್ಚು. ನೀರಗಂಟಿಯವರು ತೂಬು ಎತ್ತುವ ದಿನ ಹಿಂದಿನ ಸಂಜೆಯೇ ತಿಳಿಸುತ್ತಾರೆ. ತೂಬಿನ ಬಾಯಿ ಎಳೆಯುವ ಸೆಳೆತ ಮೇಲೆ ಕಾಣುವುದಿಲ್ಲ. ಆ ದಿನ ಈಜು ಇಲ್ಲ.

ನಮ್ಮ ಕಡೆಗೇ ಇರುವ ಇನ್ನೊಂದು ತೊಂದರೆ ಕಾಫಿ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು. ನವೆಂಬರ್‌ನಿಂದ ಅರೇಬಿಕಾ ಕೊಯ್ಲು ಶುರುವಾದ ಮೇಲೆ ಮೇಲಿನ ತೋಟಗಳಿಂದ ಹಳ್ಳಕ್ಕೆ ಬಿಟ್ಟರೆ ಕೆರೆಗೆ ಬರುತ್ತದೆ. ಹಳ್ಳ ಸೇರುವ ಕಡೆ ಕಂದು ನೊರೆ, ಹುಳಿ ವಾಸನೆ ಬಂದರೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಈಜು, ಗಾಳ ಎರಡನ್ನೂ ನಿಲ್ಲಿಸಿ ಪಂಚಾಯ್ತಿಗೆ ತಿಳಿಸುತ್ತೇವೆ. ಬಾಯಿ ಬಿಡುವ ಮೀನನ್ನು ಹಿಡಿಯುವುದು ಸುಲಭ ಎಂದು ಆ ಹೊತ್ತಿನಲ್ಲಿ ಗಾಳ ಹಾಕಲು ಬರುವವರನ್ನು ತಡೆಯಬೇಕು.

ಮುಳ್ಳು ಚುಚ್ಚಿಕೊಂಡರೆ: ಕಣ್ಣಿನ ಹತ್ತಿರವಾದರೆ ಮುಟ್ಟಬೇಡಿ, ಅಲುಗದಂತೆ ಮಾಡಿ ಆಸ್ಪತ್ರೆಗೆ. ಕೈ-ಕಾಲಿನ ಮೇಲ್ಪದರಕ್ಕಾದರೆ ಮುಳ್ಳಿನ ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಿ, ಇನ್ನೊಂದು ಕೈಯಿಂದ ಮುಳ್ಳಿನ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಚರ್ಮಕ್ಕೆ ಸಮನಾಗಿ ಒಂದೇ ಸಲ ಜಗ್ಗಬೇಕು. ಸೋಪು-ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು. ಗಾಯ ಇರುವವರು ಮಾಯುವವರೆಗೆ ನೀರಿಗಿಳಿಯಬಾರದು, ಇಲಿಜ್ವರ ಅಲ್ಲಿಂದಲೂ ಹತ್ತುತ್ತದೆ.

ಮುಳುಗುವವರಿಗೆ ಹಾರಿ ಹೋಗಬೇಡಿ, ಎಸೆಯಿರಿ. 5 ಲೀಟರಿನ ಕ್ಯಾನಿನಲ್ಲಿ ಒಂದಿಂಚು ನೀರು ಬಿಟ್ಟು 60 ಅಡಿ ಹಗ್ಗ ಕಟ್ಟಿ ಕಟ್ಟೆಯಲ್ಲಿ ಎರಡು ಕಡೆ ನೇತುಹಾಕಿದ್ದೇವೆ. ಆ ನೀರಿನ ತೂಕಕ್ಕೇ ಕ್ಯಾನು ದೂರ ಹೋಗುವುದು. ಖಾಲಿ ಕ್ಯಾನು ಗಾಳಿಗೆ ಹಿಂದಕ್ಕೆ ಬರುತ್ತದೆ. ಇದನ್ನು ಎಸೆಯಲು ಗಾಳದವರಿಗೇ ಕಲಿಸಿದೆವು. ಅವರ ಕೈಗೆ ಗುರಿ ಇದೆ, ಯಾವಾಗಲೂ ನೀರನ್ನೇ ನೋಡುತ್ತಿರುತ್ತಾರೆ. ಈಜುವ ಮಕ್ಕಳ ಅಪ್ಪ-ಅಮ್ಮಂದಿರು ಗಾಳದವರನ್ನು ನೋಡುವ ರೀತಿ ಬದಲಾಗಿದ್ದು ಇದಾದ ಮೇಲೆ.

ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗಿದರೆ ಕಟ್ಟೆ ಖಾಲಿ. ಕಾರ್ಬನ್ ರಾಡು ವಿದ್ಯುತ್ತನ್ನು ಹರಿಸುತ್ತದೆ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಯಾರೂ ಮರಳಬಾರದು.

ಜೂನ್ ಮೊದಲ ವಾರ, ಹತ್ಮೀನು (ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಏಳುವ ಮೊದಲೇ, ಹಗ್ಗ ಬಿಚ್ಚುತ್ತೇವೆ. ಹೊಸ ನೀರಿನ ಜೊತೆ ಬರುವ ಕಸ, ಅಂತರಗಂಗೆ ಸಾಲಿಗೆ ಸಿಕ್ಕರೆ ಲಂಗರೇ ಕಿತ್ತು ಬರುತ್ತದೆ. ಕ್ಯಾನುಗಳಿಗೆ ಕಟ್ಟೆಯ ಕಡೆಯಿಂದ ನಂಬರು ಬರೆದು, ಹಗ್ಗ ತೊಳೆದು ನೆರಳಲ್ಲಿ ಒಣಗಿಸಿ ದೇವಸ್ಥಾನದ ಉಗ್ರಾಣದಲ್ಲಿ ಸುತ್ತಿಡುತ್ತೇವೆ. ಲಂಗರು ಅಲ್ಲೇ ಇರುತ್ತದೆ, ಅದರ ಕಲ್ಲಿನ ಹಗ್ಗಕ್ಕೆ ಒಂದೊಂದು ಸಣ್ಣ ಕ್ಯಾನು ಬಿಟ್ಟಿರುತ್ತೇವೆ, ಅಕ್ಟೋಬರ್‌ನಲ್ಲಿ ಹುಡುಕಲು.