ಎರವಲು ಮಾತಿನ ಪ್ರಾರ್ಥನೆ

ಮುಂಬೈ ಹತ್ತಿರದ ಕಲ್ಯಾಣ, ಡೊಂಬಿವಲಿ ಕಡೆಯ ನಮ್ಮ ಕನ್ನಡ ಕ್ರೈಸ್ತ ಕುಟುಂಬಗಳಲ್ಲಿ ಗೃಹಪ್ರಾರ್ಥನೆ ಇದ್ದರೆ ಪ್ರಾರ್ಥನೆಗೆ ನನ್ನನ್ನೇ ಎಬ್ಬಿಸುವುದು ರೂಢಿ. ಬೆಟಗೇರಿಯ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಬೆಳೆದವಳು ನಾನು. ಭಾನುವಾರದ ಶಾಲೆಯಿಂದಲೇ ಆ ಮಾತುಗಳು ನಾಲಿಗೆಯ ಮೇಲಿವೆ. "ದಯಾಮಯನಾದ ತಂದೆಯೇ, ನಿನ್ನ ಕೃಪಾಸನದ ಮುಂದೆ ಬಂದಿದ್ದೇವೆ" ಎಂದು ಶುರುಮಾಡಿದರೆ ಆಮೆನ್ ವರೆಗೆ ಎಲ್ಲಿಯೂ ತಡವರಿಸುವುದಿಲ್ಲ. ಅಕ್ಕ ತೀರಿಕೊಂಡ ವರ್ಷವೂ ನಾಲ್ಕು ಜನರ ಮುಂದೆ ತಡವರಿಸಲಿಲ್ಲ. ಮನೆಯಲ್ಲಿ ಒಬ್ಬಳೇ ಕುಳಿತಾಗ ಮಾತ್ರ ಒಂದು ವಾಕ್ಯವೂ ಹೊರಡುತ್ತಿರಲಿಲ್ಲ.

ಅಕ್ಕನನ್ನು ಚಿಕಿತ್ಸೆಗೆಂದು ಗದಗದಿಂದ ಮುಂಬೈಯ ಪರೇಲಿಗೆ ಕರೆತಂದಿದ್ದೆವು. ಗುಣವಾಗಲಿಲ್ಲ. ಅದರ ವಿವರ ಇಲ್ಲಿ ಬೇಡ. ಪ್ರಾರ್ಥನೆ ಬಾರದವರಿಗೆ ನಮ್ಮಲ್ಲಿ ಸಲಹೆಗಳಿಗೇನೂ ಬರವಿಲ್ಲ: ನಂಬಿಕೆ ಹೆಚ್ಚಿಸಿಕೊಳ್ಳಿ, ಉಪವಾಸ ಮಾಡಿ, ಬೆಳಗಿನ ಜಾವ ಎದ್ದು ಮೊಣಕಾಲೂರಿ. ಜಾವದಲ್ಲೇ ಎದ್ದು ಊಟದ ಡಬ್ಬಿ ಕಟ್ಟಿ ಲೋಕಲ್ ರೈಲು ಹಿಡಿಯುವ ಹೆಂಗಸಿಗೆ ಈ ಕೊನೆಯ ಸಲಹೆ ಕೊಡುವವರು ಸಾಮಾನ್ಯವಾಗಿ ಗಂಡಸರೇ.

ನಮ್ಮ ಸಭಾಪಾಲಕರಾದ ಅಯ್ಯನವರು ಮಾತ್ರ ಬೇರೆಯೇ ಹೇಳಿದರು. "ಮಾತು ಬಾರದಿದ್ದರೆ ಬಿಡಿ ಅಮ್ಮಾ, ಹುಡುಕಲು ಹೋಗಬೇಡಿ. ಹದಿಮೂರನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಅಷ್ಟು ಸಾಕು."

ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿರುವ, ಆರೇ ವಚನಗಳ ಕೀರ್ತನೆ ಅದು. ಮೊದಲ ಎರಡು ವಚನಗಳ ತುಂಬ ಒಂದೇ ಪ್ರಶ್ನೆ: ಎಷ್ಟರ ವರೆಗೆ ನನ್ನನ್ನು ಮರೆತಿರುತ್ತೀ, ಎಷ್ಟರ ವರೆಗೆ ಮುಖ ಮರೆಮಾಡುತ್ತೀ? ಮುಂದಿನ ಎರಡರಲ್ಲಿ ಬೇಡಿಕೆ: ಇತ್ತ ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ, ಹಾಡು. ಆ ಕೊನೆಯ ಎರಡು ನನ್ನ ಗಂಟಲಿನಿಂದ ಇಳಿಯಲೂ ಇಲ್ಲ, ಏರಲೂ ಇಲ್ಲ. ನಾಲ್ಕಕ್ಕೇ ನಿಲ್ಲಿಸುತ್ತೇನೆ ಎಂದು ಅಯ್ಯನವರಿಗೆ ಹೇಳಿದೆ. ಅವರು ಎಂಬತ್ತೆಂಟನೆಯದನ್ನು ತೆರೆದು ತೋರಿಸಿದರು. ಅದರಲ್ಲಿ ಅಂಥ ತಿರುವೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇಂಥ ಮೊರೆಗಳೇ. ನಮ್ಮ ಸಭೆಗಳಲ್ಲಿ ಇಪ್ಪತ್ತಮೂರನೆಯದನ್ನೂ ನೂರ ಇಪ್ಪತ್ತೊಂದನೆಯದನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಾರೆ, ಎಂಬತ್ತೆಂಟನ್ನು ಯಾರೂ ಮಾಡಿಸುವುದಿಲ್ಲ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲವು ವಾರ ಹಾಗೆ ಓದಿದ ಮೇಲೆ ಒಂದು ಸಂಜೆ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಚೇರಿಯ ಹಳೆಯ ವೋಚರಿನ ಹಿಂಬದಿಯಲ್ಲಿ ಆ ಕೀರ್ತನೆಯ ಅಚ್ಚಿನಲ್ಲೇ ನನ್ನದನ್ನು ಬರೆದೆ. ಕರೆಯುವುದು, ದೂರು, ಬೇಡಿಕೆ, ಭರವಸೆ ಎಂಬ ನಾಲ್ಕು ಭಾಗ. ಬರೆದದ್ದು ಇಷ್ಟು:

"ತಂದೆಯೇ, ಕೇಳಿಸುತ್ತಿದೆಯೇ? ಅಕ್ಕನ ಕನ್ನಡಕ ಇನ್ನೂ ನನ್ನ ಕಪಾಟಿನಲ್ಲಿದೆ. ಇಡೀ ಸಭೆ ಬೇಡಿಕೊಂಡಿತು, ನೀನು ಕೊಡಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಅಕ್ಕನ ಮಗಳು ರಾತ್ರಿ ಫೋನು ಮಾಡುತ್ತಾಳೆ. ಅವಳಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅವಳ ಫೋನು ಬರುವ ಮೊದಲು ಒಂದು ಮಾತನ್ನಾದರೂ ಕೊಡು."

ನಾಲ್ಕನೆಯ ಭಾಗದ ಜಾಗ ಖಾಲಿ ಬಿಟ್ಟೆ. ಎಷ್ಟೋ ದಿನ ಅದು ಖಾಲಿಯೇ ಉಳಿಯಿತು. ಆಮೇಲೊಮ್ಮೆ, "ಆದರೂ ನಿನ್ನ ಹತ್ತಿರವೇ ಜಗಳವಾಡುತ್ತಿದ್ದೇನೆ" ಎಂದು ಬರೆದೆ. ಅದಕ್ಕಿಂತ ಮುಂದೆ ಆಗ ಹೋಗಲಾಗಲಿಲ್ಲ.

ಹೀಗೆ ಬರೆಯುವವರಿಗೆ ನಾನು ಹೇಳುವುದು ಒಂದೇ. "ದುಃಖಿತರನ್ನು ಸಂತೈಸು" ಎನ್ನುವಂಥ ವಾಕ್ಯಗಳು ಬಂದರೆ ಹೊಡೆದುಹಾಕಿ. ಕನ್ನಡಕ, ಫೋನು, ಬಾಡಿಗೆ, ಮೊಣಕಾಲು ನೋವು, ಹೆಸರು ಹಿಡಿದು ಹೇಳಬಹುದಾದದ್ದನ್ನು ಬರೆಯಿರಿ. ಬೇಡಿಕೆಯೂ ಈ ಹೊತ್ತಿನದೇ ಆಗಿರಲಿ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿಯೂ ಆಹಾರ ಕೇಳುವುದು ಈ ಹೊತ್ತಿಗೇ ಹೊರತು ತಿಂಗಳ ರೇಷನ್ನಿಗಲ್ಲ.

ಲೋಕಲ್‌ನ ನಮ್ಮ ಮಹಿಳಾ ಡಬ್ಬಿಯಲ್ಲಿ ತಾಳ ಹಿಡಿದ ಭಜನೆಯವರ ಗುಂಪೊಂದಿದೆ. ಅವರು ಹಾಡುವ ತುಕಾರಾಮರ ಅಭಂಗಗಳಲ್ಲಿ ವಿಠ್ಠಲನಿಗೆ ಬೈಗುಳವೂ ಉಂಟು, ಹಾಡುವವರಿಗೆ ಅದರಿಂದ ಯಾವ ಸಂಕೋಚವೂ ಇಲ್ಲ. ಮರಾಠಿ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಇದೇ ಮುಂಬೈಯಲ್ಲಿ ದೀಕ್ಷಾಸ್ನಾನ ಪಡೆದವರು. ತುಕಾರಾಮರೆಂಬ ಸೇತುವೆ ದಾಟಿ ಕ್ರಿಸ್ತನ ಬಳಿಗೆ ಬಂದೆ ಎನ್ನುತ್ತಿದ್ದರಂತೆ. ಆ ಹಾಡು ಕೇಳುತ್ತ ನಿಂತು ಪ್ರಯಾಣ ಮಾಡುವಾಗ ನನಗೂ ಧೈರ್ಯ ಹೆಚ್ಚಿತು.

ಬರೆಯಲೂ ಆಗದ ದಿನಗಳಿಗೆ, ಯೇಸು ಹೇಳಿದ ಸಾಮ್ಯದಲ್ಲಿ ಬರುವ ಸುಂಕದವನ ಪ್ರಾರ್ಥನೆ: "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ್ದು. ದಾದರ್ ನಿಲ್ದಾಣದ ಸೇತುವೆಯ ಮೆಟ್ಟಿಲು ಹತ್ತುವಾಗ ಅರ್ಧವನ್ನು ಉಸಿರೆಳೆದುಕೊಳ್ಳುವಾಗ, ಇನ್ನರ್ಧವನ್ನು ಬಿಡುವಾಗ ಹೇಳಿಕೊಂಡೆ. ಅದೂ ಬಾರದಿದ್ದರೆ ಸುಮ್ಮನೆ ನರಳಿದ್ದುಂಟು. ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನು ತಾನೇ ನಮಗಾಗಿ ಬೇಡುತ್ತಾನೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ನಮ್ಮ ಗೃಹಪ್ರಾರ್ಥನೆಯ ಗುಂಪಿನ ಇಬ್ಬರು ಗೆಳತಿಯರಿಗೆ, "ಬುದ್ಧಿ ಹೇಳಬೇಡಿ, ಬುಧವಾರ ನನ್ನ ಹೆಸರು ಹಿಡಿದು ಪ್ರಾರ್ಥಿಸಿ" ಎಂದೆ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸುತ್ತಾರೆ. ಆ ರೋಗಿ ಒಂದು ಮಾತೂ ಆಡುವುದಿಲ್ಲ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ನಿದ್ದೆ, ಊಟ ಎರಡೂ ಕೆಟ್ಟಾಗ ವೈದ್ಯರ ಹತ್ತಿರವೂ ಹೋದೆ. ಗೆಳತಿಯರೇ ಜೊತೆಗೆ ಬಂದರು.

ಈಗ ಗೃಹಪ್ರಾರ್ಥನೆಯಲ್ಲಿ ನನ್ನನ್ನು ಎಬ್ಬಿಸಿದರೆ ಮೊದಲು ಒಂದು ಕೀರ್ತನೆ ಓದುತ್ತೇನೆ, ಆಮೇಲೆ ನನ್ನದು ಎರಡೇ ವಾಕ್ಯ. ಹಿರಿಯರೊಬ್ಬರಿಗೆ ಇದು ಹಿಡಿಸಿಲ್ಲ. "ಪುಸ್ತಕ ನೋಡಿ ಪ್ರಾರ್ಥಿಸುವುದೇ? ಸ್ವಂತದ್ದು ಏನೂ ಇಲ್ಲವೇ?" ಎಂದು ಕೇಳಿದರು. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲನ್ನೇ ಅಲ್ಲವೇ ಎಂದೆ. ಅವರಿಗೆ ಸಮಾಧಾನವಾಗಿಲ್ಲ. ಮುಂದಿನ ತಿಂಗಳ ಪ್ರಾರ್ಥನೆ ಅವರ ಮನೆಯಲ್ಲಿಯೇ ಇದೆ. ನೂರ ಮೂವತ್ತನೆಯದಕ್ಕೆ ಗುರುತು ಹಾಕಿ ಇಟ್ಟುಕೊಂಡಿದ್ದೇನೆ.