ಮಂಡಕ್ಕಿ ಭಟ್ಟಿ ಓಣಿಯಲ್ಲಿ ಗೋಡೆ ಚಿತ್ರ: ಮಾತಿನ ಕೆಲಸ ನಾವು ಮಾಡಿದ್ದು ಹೀಗೆ

ಓಣಿಯವರ ಜೊತೆ ಸೇರಿ ಚಿತ್ರ ಬರೆಯುವವರು ಮೊದಲು ಅವರ ಹೊತ್ತು ತಿಳಿದುಕೊಳ್ಳಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದಾಗ ಯಾರೂ ತಲೆ ಎತ್ತುವುದಿಲ್ಲ. ಸ್ವಲ್ಪ ತಡವಾದರೂ ಮಂಡಕ್ಕಿ ಸೀದುಹೋಗುತ್ತದೆ. ಅದಕ್ಕೇ ನಾವು ಬೆಂಕಿ ಆರಿದ ಮೇಲೆ, ಚಹಾ ಹೊತ್ತಿಗೆ ಹೋಗುತ್ತಿದ್ದೆವು.

'ಏನು ಚಿತ್ರ ಬೇಕು?' ಅಂತ ಕೇಳಿದರೆ 'ನಿಮಗೆ ಗೊತ್ತಿರುತ್ತಲ್ಲ, ನೀವೇ ಬರೀರಿ' ಅನ್ನುತ್ತಾರೆ. ಕೆಲಸದ ಬಗ್ಗೆ ಕೇಳಿದರೆ ಮಾತು ತಾನಾಗಿ ಬರುತ್ತದೆ. ಭತ್ತ ಎಷ್ಟು ಹೊತ್ತು ನೆನೆಯಬೇಕು, ಉಪ್ಪುನೀರು ಯಾವಾಗ ಹಾಕಬೇಕು, ಇಂಥವು.

1964ರಲ್ಲಿ ಶುರುವಾದ ಇಲ್ಲಿನ ದೃಶ್ಯಕಲಾ ಕಾಲೇಜಿನಲ್ಲಿ ನಾನು ಕಲಿತಿದ್ದು ಚಿತ್ರ ಪೂರ್ತಿ ಮುಗಿಸಿ ತೋರಿಸುವುದನ್ನು. ಓಣಿಗೆ ಮಾತ್ರ ಬೇಕಂತಲೇ ಅರೆಬರೆ ಚಿತ್ರ ಒಯ್ದೆ, ಕಂದು ಹಾಳೆ ಮೇಲೆ ಪೆನ್ಸಿಲ್ ಗೆರೆ ಅಷ್ಟೇ. ಬಣ್ಣ ತುಂಬಿದ ಚಿತ್ರ ನೋಡಿದವರು 'ಚೆನ್ನಾಗಿದೆ' ಅಂದು ಸುಮ್ಮನಾಗುತ್ತಾರೆ. ಅರ್ಧ ಬರೆದದ್ದಕ್ಕೆ ಕೈ ಹಾಕುತ್ತಾರೆ. ವಯಸ್ಸಾದ ಒಬ್ಬ ಅಮ್ಮ ಹಾಳೆ ಎಳೆದುಕೊಂಡು, 'ಜರಡಿ ಹಿಂಗೆ ಹಿಡಿದ್ರೆ ಬಿಸಿ ಮರಳು ಕಾಲ ಮೇಲೆ ಬೀಳುತ್ತಪ್ಪ' ಅಂದು ಮಣಿಕಟ್ಟು ತಿರುಗಿಸಿ ತೋರಿಸಿದರು. ಪಕ್ಕದವರು, 'ನಮ್ಮ ಮಂಡಕ್ಕಿ ಬೆಣ್ಣೆ ದೋಸೆ ಹಿಟ್ಟಿಗೂ ಹೋಗುತ್ತೆ, ಅದನ್ನೂ ಬರೀರಿ' ಅಂದರು. ಬರೆದೆವು. ಆ ಗೋಡೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದೇ.

ಇಲ್ಲಿ ಎಷ್ಟೋ ಮನೆಗಳಲ್ಲಿ ಉರ್ದು ಮಾತಾಡುತ್ತಾರೆ. ಅವರ ಮಾತು ಕನ್ನಡದಲ್ಲಿ ತಿಳಿಸೋಕೆ ನಮ್ಮ ಜೊತೆ ಅದೇ ಓಣಿಯ ಒಬ್ಬ ಹುಡುಗಿ ಇದ್ದಳು. 'ಬೈದರೆ ಬೈದಿದ್ದನ್ನೂ ಹೇಳಮ್ಮ, ಮೆತ್ತಗೆ ಮಾಡಬೇಡ' ಅಂತ ಅವಳಿಗೆ ಹೇಳಿದ್ದೆ. ಮಾಲೀಕರ ಎದುರು ಕೂಲಿಯವರು ಬಾಯಿ ಬಿಡುವುದಿಲ್ಲ, ಅದು ಸಹಜ ಅಲ್ವಾ? ಹಾಗಾಗಿ ಇಬ್ಬರ ಜೊತೆಗೂ ಬೇರೆ ಬೇರೆ ಕೂತು ಮಾತಾಡಿದೆವು.

ದುಡ್ಡಿನ ಮಾತು ಮೊದಲ ದಿನವೇ ಆಗಬೇಕು. ಹಣ ಯಾರು ಕೊಟ್ಟರು, ಯಾವುದಕ್ಕೆ ಖರ್ಚಾಗುತ್ತದೆ ಅಂತ ಬಿಡಿಸಿ ಹೇಳಿದೆವು. ಕೆಲಸ ಬಿಟ್ಟು ನಮ್ಮ ಜೊತೆ ಕೂತವರಿಗೆ ಆ ದಿನದ ಕೂಲಿ ಕೊಟ್ಟೆವು. ಕಲಾವಿದರಿಗೆ ಸಂಭಾವನೆ ಇಟ್ಟು ಓಣಿಯವರಿಗೆ ಬರೀ ಚಹಾ ಕೊಡುವುದು ಅನ್ಯಾಯ. 'ಚರಂಡಿ ಸರಿ ಮಾಡಿಸ್ತೀರಾ?' ಅಂತ ಕೇಳಿದರು. 'ಅದು ನಮ್ಮ ಕೈಲಾಗಲ್ಲ' ಅಂತ ನೇರವಾಗಿ ಹೇಳಿದೆ. ಸುಮ್ನೆ ಆಸೆ ಹುಟ್ಟಿಸಿದರೆ ಮುಂದೆ ಬರುವವರನ್ನೂ ಅವರು ನಂಬುವುದಿಲ್ಲ.

ಫೋಟೊ ವಿಷಯದಲ್ಲೂ ಅಷ್ಟೇ. ಕೇಳಿಯೇ ತೆಗೆದೆವು, ಎಲ್ಲಿ ಹಾಕುತ್ತೇವೆ ಅಂತ ಹೇಳಿದೆವು, ಬೇಡ ಅಂದವರದ್ದು ಅಲ್ಲೇ ಅಳಿಸಿದೆವು. ಗೋಡೆಗೆ ಮುಂದೆ ಸುಣ್ಣ ಹೊಡೆಯಬೇಕಾಗಿ ಬಂದರೆ ಮಾಲೀಕರು ಓಣಿಯವರಿಗೆ ಮೊದಲು ತಿಳಿಸಬೇಕು ಅಂತಲೂ ಎಲ್ಲರ ಎದುರೇ ಮಾತಾಗಿದೆ.