ಡಿಸೆಂಬರಿನ ಶಿಕಾಗೋ: ಅಪ್ಪ-ಅಮ್ಮ ಮೊದಲ ಸಲ ಬಂದಾಗ

ಹಾಸನದಿಂದ ಅಪ್ಪ-ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಿದ್ದು ಡಿಸೆಂಬರಿನಲ್ಲಿ. ಬಂದ ವಾರವೇ ಒಂದು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಅವರನ್ನು ಊರೆಲ್ಲಾ ಸುತ್ತಿಸಿದೆ. ಮನೆಗೆ ಬಂದಾಗ ಅಮ್ಮನ ಬೆರಳು ಮರಗಟ್ಟಿ, ಕಾಫಿ ಲೋಟ ಹಿಡಿಯಲೂ ಆಗಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆವತ್ತಿನಿಂದ ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಹೊರಗೆ ಅರ್ಧ ಗಂಟೆ, ಆಮೇಲೆ ಬೆಚ್ಚಗಿನ ಜಾಗದಲ್ಲಿ ಒಂದು ಗಂಟೆ. ನೀವೂ ಇಡೀ ಪ್ರವಾಸವನ್ನು ಈ ಲೆಕ್ಕದಲ್ಲೇ ಹೊಂದಿಸಿ.

ಮೊದಲು ತಾರೀಖು. ಡಿಸೆಂಬರ್ ಮೊದಲ ವಾರ ಬಂದು ಇಪ್ಪತ್ತರೊಳಗೆ ಊರು ಸುತ್ತಿ ಮುಗಿಸುವುದು ಒಳ್ಳೆಯದು. ತಿಂಗಳ ಮಧ್ಯದಿಂದ ವಿಮಾನದ ಟಿಕೆಟ್ ಜಾಸ್ತಿಯಾಗುತ್ತದೆ. ಪೇಟೆ ನಡುವಿನ ಡೇಲಿ ಪ್ಲಾಜಾ ಚೌಕದ ಕ್ರಿಸ್‌ಮಸ್ ಸಂತೆ 24ಕ್ಕೆ ಮುಗಿಯುತ್ತದೆ. 25ರಂದು ಮ್ಯೂಸಿಯಂ, ಅಂಗಡಿ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಆ ದಿನಕ್ಕೆ ಲಿಂಕನ್ ಪಾರ್ಕ್ ಮೃಗಾಲಯ ಇಟ್ಟುಕೊಳ್ಳಿ. ಅದು ವರ್ಷದ 365 ದಿನವೂ ತೆರೆದಿರುತ್ತದೆ, ಹಗಲು ಒಳಗೆ ಹೋಗಲು ದುಡ್ಡಿಲ್ಲ.

ಟಿಕೆಟ್ ಮಾಡಿಸಿದ ದಿನವೇ ಪ್ರವಾಸದ ಇನ್ಶೂರೆನ್ಸ್ ಕೂಡ ಮಾಡಿಸಿ. ಮೊದಲಿನಿಂದ ಇರುವ ಬಿಪಿ, ಶುಗರ್‌ಗೆ ಅದು ಅನ್ವಯಿಸುತ್ತದಾ ಎಂದು ಓದಿಯೇ ಸಹಿ ಹಾಕಿ. ಇಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೂ ಬಿಲ್ಲು ತಡೆಯುವಂಥದ್ದಲ್ಲ. ಮಾತ್ರೆಗಳು ಡಾಕ್ಟರ್ ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ.

ಈಗ ಬಟ್ಟೆ. ದಪ್ಪ ಕೋಟು, ಬೂಟು ಊರಲ್ಲಿ ಕೊಳ್ಳಬೇಡಿ. ಅಲ್ಲಿನ ಚಳಿಗೆ ಮಾಡಿದ್ದು ಇಲ್ಲಿಗೆ ಸಾಲದು. ಶಿಕಾಗೋದಲ್ಲಿ ಡಿಸೆಂಬರ್ ಹಗಲು ಸಾಮಾನ್ಯವಾಗಿ 2 ಡಿಗ್ರಿ ಆಸುಪಾಸು, ರಾತ್ರಿ ಸೊನ್ನೆಗಿಂತ ಕೆಳಗೆ. ಫೋನಿನಲ್ಲಿ ಹವಾಮಾನ ನೋಡುವಾಗ ಗಾಳಿ ಸೇರಿ ಮೈಗೆ ಎಷ್ಟು ಅನಿಸುತ್ತದೆ ಎನ್ನುವ ಸಂಖ್ಯೆ ನೋಡಿ. ಅದು ಮೈನಸ್ 15ಕ್ಕಿಂತ ಕೆಳಗಿದ್ದರೆ ನಾನು ಹಿರಿಯರನ್ನು ಮಿಶಿಗನ್ ಸರೋವರದ ದಂಡೆಗೆ ಕರೆದುಕೊಂಡು ಹೋಗುವುದಿಲ್ಲ. ಗಾಳಿ ತಡೆಯುವ ಕೋಟು, ಜಾರದ ಬೂಟು ಇಲ್ಲೇ ತೆಗೆದುಕೊಳ್ಳಿ, ಇಲ್ಲವೇ ಪರಿಚಯದವರಿಂದ ಕೇಳಿ ತನ್ನಿ. ನಾವು ಗೆಳತಿಯ ಎರಡು ಕೋಟು ಹಿಡಿದುಕೊಂಡೇ ಓಹೇರ್ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಊರಿಂದ ತರಬೇಕಾದದ್ದು ಥರ್ಮಲ್ (ಮೈಗೆ ಅಂಟುವ ಬೆಚ್ಚಗಿನ ಒಳಬಟ್ಟೆ) ಮತ್ತು ಕಿವಿ ಪೂರ್ತಿ ಮುಚ್ಚುವ ಉಣ್ಣೆ ಟೋಪಿ. ಹತ್ತಿ ಕಾಲುಚೀಲ ಬೇಡ. ಒಮ್ಮೆ ಒದ್ದೆಯಾದರೆ ಕಾಲು ಮಂಜುಗಡ್ಡೆಯಾಗುತ್ತದೆ. ಗ್ಲೌಸ್ ಎರಡು ಜೊತೆ ಇರಲಿ. ಅಮ್ಮನ ಬೆರಳು ಮರಗಟ್ಟಿದ್ದು ಒದ್ದೆ ಗ್ಲೌಸ್‌ನಿಂದಲೇ.

ಸೀರೆ ಉಡುವವರಿಗೆ ಒಂದು ಮಾತು. ಒಳಗೆ ಥರ್ಮಲ್ ಹಾಕಿದರೆ ಚಳಿ ತಡೆಯಬಹುದು. ಆದರೆ ಕರಗಿದ ಹಿಮದ ಕೆಸರಿನಲ್ಲಿ ಸೀರೆಯ ಅಂಚು ಮೊಣಕಾಲವರೆಗೆ ನೆನೆಯುತ್ತದೆ. ಅಮ್ಮ ಎರಡನೇ ವಾರಕ್ಕೆ ಚೂಡಿದಾರಕ್ಕೆ ಬದಲಾದರು. ಮನೆಯೊಳಗೆ ಹೀಟರ್ ಇರುವುದರಿಂದ ಗಾಳಿ ತುಂಬಾ ಒಣ. ತುಟಿ, ಹಿಮ್ಮಡಿ ಒಡೆಯುತ್ತವೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿ ತನ್ನಿ.

ಇಲ್ಲಿ ಗಡಿಯಾರ ನಮ್ಮೂರಿಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಬಂದವರಿಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರ, ಸಂಜೆ ಐದಕ್ಕೆ ನಿದ್ದೆ. ಸೂರ್ಯ ನಾಲ್ಕೂ ಇಪ್ಪತ್ತರ ಸುಮಾರಿಗೆ ಮುಳುಗುತ್ತಾನೆ. ಹಾಗಾಗಿ ಮೊದಲ ಮೂರು ದಿನ ಬೆಳಿಗ್ಗೆ ಮಾತ್ರ ಹೊರಡಿ. ಸಂಜೆಯ ದೀಪಗಳನ್ನು ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳಿ.

ಪೇಟೆ ಸುತ್ತುವ ದಿನ ಕಾರು ಬೇಡ, ರೈಲು ಸಾಕು. ಓಹೇರ್‌ನಿಂದ ನೀಲಿ ಲೈನ್ ಸುಮಾರು ಮುಕ್ಕಾಲು ಗಂಟೆಯಲ್ಲಿ ಪೇಟೆಗೆ ಬಿಡುತ್ತದೆ. ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ತಲೆಯ ಮೇಲೆ ಹೀಟರ್ ಇರುತ್ತದೆ, ಗುಂಡಿ ಒತ್ತಿದರೆ ಉರಿಯುತ್ತದೆ. ಅಪ್ಪನಿಗೆ ಅದರ ಕೆಳಗೆ ನಿಲ್ಲುವುದೇ ಖುಷಿ.

ನಾನು ಮಾಡುವ ದಾರಿ ಹೀಗಿದೆ. ಮಿಲೇನಿಯಂ ಪಾರ್ಕಿನಲ್ಲಿ ಶಿಲ್ಪಿ ಅನೀಶ್ ಕಪೂರ್ ಮಾಡಿದ, ಕನ್ನಡಿಯಂತೆ ಹೊಳೆಯುವ ದೊಡ್ಡ ಕಾಳಿನ ಆಕಾರದ ಶಿಲ್ಪದ ಮುಂದೆ ಫೋಟೋ. ಪಕ್ಕದಲ್ಲೇ ಮಕ್ಕಳು ಮಂಜಿನ ಮೇಲೆ ಜಾರುವುದನ್ನು ನೋಡಬಹುದು. ಅಲ್ಲಿಂದ ರಸ್ತೆ ದಾಟಿದರೆ ಕಲ್ಚರಲ್ ಸೆಂಟರ್. 1897ರಲ್ಲಿ ಲೈಬ್ರರಿಯಾಗಿ ಕಟ್ಟಿದ್ದು. ಒಳಗೆ ಬೆಚ್ಚಗಿದೆ, ಟಿಕೆಟ್ ಇಲ್ಲ, ಶೌಚಾಲಯ ಇದೆ. ಮೇಲೆ ಬಣ್ಣದ ಗಾಜಿನ ಗುಮ್ಮಟವಿದೆ, ತಲೆ ಎತ್ತಿ ನೋಡುತ್ತಾ ಕುಳಿತರೆ ಗಂಟೆ ಹೋಗುವುದೇ ಗೊತ್ತಾಗುವುದಿಲ್ಲ. ಆಮೇಲೆ ಡೇಲಿ ಪ್ಲಾಜಾದ ಸಂತೆ. ಒಂದು ಸುತ್ತು, ಒಂದು ಬಿಸಿ ಚಾಕೊಲೇಟ್, ಅಷ್ಟು ಸಾಕು. ಸಂಜೆ ಜನ ಜಾಸ್ತಿ, ಮಧ್ಯಾಹ್ನವೇ ಹೋಗಿ. ಈ ಕಟ್ಟಡಗಳ ನಡುವೆ ಪೆಡ್‌ವೇ ಎನ್ನುವ ನೆಲದಡಿಯ ದಾರಿಗಳೂ ಇವೆ. ರಾತ್ರಿ, ವಾರಾಂತ್ಯದಲ್ಲಿ ಕೆಲವು ಭಾಗ ಮುಚ್ಚಿರುತ್ತವೆ.

ಆರ್ಟ್ ಇನ್‌ಸ್ಟಿಟ್ಯೂಟಿಗೆ ಬೇರೆಯದೇ ದಿನ ಕೊಡಿ. ವಾರದ ರಜೆ ಯಾವತ್ತು ಎಂದು ನೋಡಿಕೊಂಡು ಹೋಗಿ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಕಟ್ಟಡ ಇದು. ಅದಕ್ಕೂ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಅಪ್ಪ ಅದನ್ನು ಹೇಳುತ್ತಾ ಮೆಟ್ಟಿಲ ಮೇಲೆ ಕೈ ಜೋಡಿಸಿ ನಿಂತರು. ಚಳಿ ಮರೆತೇ ಹೋಗಿತ್ತು ಅವರಿಗೆ.

ಊಟದ ಚಿಂತೆ ಬೇಡ. ಡೆವನ್ ಅವೆನ್ಯೂನಲ್ಲಿ ದೋಸೆಯಿಂದ ಕರಿಬೇವಿನವರೆಗೆ ಎಲ್ಲಾ ಸಿಗುತ್ತದೆ. ಊರಿಂದ ಸಾರಿನ ಪುಡಿ, ಚಕ್ಕುಲಿ ತರುವುದಾದರೆ ಕಸ್ಟಮ್ಸ್ ಫಾರಂನಲ್ಲಿ ಅಥವಾ ಕೇಳಿದಾಗ ತಿಂಡಿ ಇದೆ ಎಂದು ಹೇಳಿಬಿಡಿ. ಹಣ್ಣು, ಬೀಜ, ಗಿಡ ತರಲೇಬೇಡಿ.

ಇನ್ನೊಂದು ಜಾಗ ಖಂಡಿತ ಬಿಡಬೇಡಿ. ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿ, 1908ರ ಗಾಜಿನ ಮನೆ. ಹಸಿರು ಲೈನ್ ರೈಲು ಹತ್ತಿರವೇ ಇಳಿಸುತ್ತದೆ. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಕಾಲಿಟ್ಟರೆ ಮಲೆನಾಡಿನ ಸೆಕೆ, ಹಸಿ ಮಣ್ಣಿನ ವಾಸನೆ. ಬಾಳೆ, ಕಬ್ಬು ಕಂಡ ಅಮ್ಮ ಕೋಟು, ಟೋಪಿ, ಗ್ಲೌಸ್ ಎಲ್ಲಾ ತೆಗೆದು ನನ್ನ ಕೈಗೆ ಕೊಟ್ಟು, ಬಾಳೆ ಎಲೆ ಮುಟ್ಟಿ ನೋಡಿದರು. ಊರು ಬಿಟ್ಟು ಬಂದ ಮೇಲೆ ಅವರು ಅಷ್ಟು ಹಗುರವಾಗಿದ್ದು ಆವತ್ತೇ. ಟಿಕೆಟ್, ಬುಕಿಂಗ್ ಬೇಕಾ ಎಂದು ಮೊದಲೇ ನೋಡಿಕೊಳ್ಳಿ. ಮನೆಯವರ ನೆನಪು ಕಾಡಲು ಶುರುವಾಗುವ ಎರಡನೇ ವಾರಕ್ಕೆ ಈ ಜಾಗ ಇಟ್ಟುಕೊಳ್ಳಿ.